ನಮ್ಮ ಯಜಮಾನರು ಹಾಕಿದ ಗಂಟು

ನಮ್ಮ ಯಜಮಾನರು ನಿವೃತ್ತರಾದ ಮೇಲೆ ನಾನು ಒಬ್ಬಳೇ ಹೋಗುತ್ತಿದ್ದ ಜಾಗವೆಂದರೆ ಬಚ್ಚಲುಮನೆ ಒಂದೇ. ತರಕಾರಿ ಅಂಗಡಿಗೆ ಹೊರಟರೆ ಅವರೂ ಕೋಟು ಹಾಕಿಕೊಳ್ಳುತ್ತಿದ್ದರು. ನಾನು ಮೂಲಂಗಿ ಆರಿಸಿದರೆ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಇದು ಸೊಟ್ಟ ಇದೆ" ಎಂದು ಬುಟ್ಟಿಗೆ ವಾಪಸ್ಸಿಡುತ್ತಿದ್ದರು. ಒಕಾಯಾ ಊರಿನ ಬಾಲ್ ಬೇರಿಂಗ್ ಕಾರ್ಖಾನೆಯೊಂದರಲ್ಲಿ ಅವರು ಗುಣಮಟ್ಟ ಪರೀಕ್ಷೆಯ ಮುಖ್ಯಸ್ಥರಾಗಿದ್ದವರು. ಕೂದಲೆಳೆಯಷ್ಟೂ ಅಲ್ಲ, ಅದರಲ್ಲೊಂದು ಸಣ್ಣ ಪಾಲು ಹೆಚ್ಚುಕಮ್ಮಿಯಾದ ಉಕ್ಕಿನ ಗುಂಡನ್ನು ಹುಡುಕಿ ಬಿಸಾಡುವುದು ಅವರ ಕೆಲಸ. ಬಿಸಾಡಲು ಗುಂಡುಗಳಿಲ್ಲದ ಮೇಲೆ ಮೂಲಂಗಿಯ ಸರದಿ ಬಂತು. ಆಮೇಲೆ ನಾನು ಮಡಿಸಿಟ್ಟ ಟವೆಲುಗಳು. ಕೊನೆಗೆ ನಾನು.

ಹಾಗಾಗಿ ಬಡಾವಣೆಯ ಸಮುದಾಯ ಭವನದಲ್ಲಿ "ಮಣಿ ಆಭರಣ ಮಾಡುವುದು, ಏನೂ ಬಾರದವರಿಗಾಗಿ" ಎಂದು ಬರೆದು ಅಂಟಿಸಿದ್ದನ್ನು ಕಂಡಾಗ ನಾನು ಹೆಸರು ಕೊಟ್ಟದ್ದು ಮಣಿಗಳ ಮೇಲಿನ ಆಸೆಯಿಂದಲ್ಲ. ಅಂಥ ಕಡೆಗೆ ಗಂಡಸರು ಬರುವುದಿಲ್ಲ ಎಂಬ ಧೈರ್ಯದಿಂದ.

ಮೊದಲನೆಯ ದಿನ ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದೆ.

"ಎಲ್ಲಿಗೆ?" ಅಂದರು.

"ಮಣಿ ಪೋಣಿಸೋದು ಕಲಿಯೋಕೆ."

"ಮಣಿ ಅಂದ್ರೆ ಗುಂಡಗಿರುತ್ತಲ್ಲ?"

"ಹೂಂ."

"ನಡುವೆ ತೂತು."

"ಹೂಂ ರೀ."

"ತೂತು ಸರಿಯಾಗಿ ಮಧ್ಯದಲ್ಲೇ ಇರುತ್ತಾ?"

ನಾನು ಉತ್ತರ ಹುಡುಕುವಷ್ಟರಲ್ಲಿ ಅವರು ಕೋಟು ಹಾಕಿಕೊಂಡಾಗಿತ್ತು. ಜೇಬಿನಲ್ಲಿ ಕಾರ್ಖಾನೆಯಿಂದ ಬೀಳ್ಕೊಡುಗೆಯಾಗಿ ಕೊಟ್ಟಿದ್ದ ಅಳತೆಯ ಸಾಧನ, ವರ್ನಿಯರ್ ಕ್ಯಾಲಿಪರ್, ಇತ್ತು. ಬೇರೆಯವರಿಗೆಲ್ಲ ಗಡಿಯಾರ ಕೊಡುತ್ತಾರೆ. ಇವರು ಇದನ್ನು ಕೇಳಿ ಪಡೆದಿದ್ದರು.

ಹೇಳಿಕೊಡುತ್ತಿದ್ದವಳು ಚಿಗುಸಾ ಎಂಬ ಹುಡುಗಿ. ಕನ್ನಡಕದ ಅಂಗಡಿಯವರ ಸೊಸೆ, ಮೆಲು ಮಾತು. ಪ್ರತಿಯೊಬ್ಬರ ಮುಂದೆಯೂ ಒಂದು ಮೆತ್ತನೆ ಬಟ್ಟೆ ಹಾಸಿ, ಮೇಲೆ ಒಂದು ಬಟ್ಟಲು ಮಣಿ, ಒಂದು ತುಂಡು ಎಲಾಸ್ಟಿಕ್ ದಾರ ಇಟ್ಟಳು.

"ಮೊದಲು ಕೈಗೆ ಹಾಕೋ ಸರ ಮಾಡೋಣ, ಅದೇ ಎಲ್ಲಕ್ಕಿಂತ ಸುಲಭ," ಅಂದಳು. "ದಾರಾನ ಒಂದೆರಡು ಸಲ ಚೆನ್ನಾಗಿ ಎಳೆದು ಬಿಡಿ, ಇಲ್ದಿದ್ರೆ ಆಮೇಲೆ ಜೋಲು ಬೀಳುತ್ತೆ. ಒಂದು ತುದಿಗೆ ಟೇಪ್ ಅಂಟಿಸ್ಕೊಳ್ಳಿ, ಇಲ್ದಿದ್ರೆ ಈ ಕಡೆಯಿಂದ ಪೋಣಿಸ್ತಾ ಹೋದ ಹಾಗೆ ಆ ಕಡೆಯಿಂದ ಜಾರ್ತಾ ಹೋಗುತ್ತೆ."

ನಮ್ಮ ಯಜಮಾನರು ಕೈ ಎತ್ತಿದರು. "ಟೀಚರ್, ಈ ಬಟ್ಟಲಲ್ಲಿ ಅರ್ಧಕ್ಕರ್ಧ ಮಣಿ ಗುಂಡಗಿಲ್ಲ."

"ಒಗುಚಿ ಅವರೇ, ಅವು ನದಿ ಕಲ್ಲಿನವು. ಸ್ವಲ್ಪ ಹಾಗೇ ಇರ್ತಾವೆ."

"ನದಿ ತಪ್ಪು ಮಾಡಿದ್ರೆ ನಾವ್ಯಾಕೆ ಒಪ್ಕೋಬೇಕು?"

ಚಿಗುಸಾ ನನ್ನ ಮುಖ ನೋಡಿದಳು. ನಾನು ತಲೆ ಬಗ್ಗಿಸಿದೆ. ನಮ್ಮ ಯಜಮಾನರು ವರ್ನಿಯರ್ ತೆಗೆದು ತಮ್ಮ ಬಟ್ಟಲಿನ ಮಣಿಗಳನ್ನು ಒಂದೊಂದಾಗಿ ಅಳೆದರು. ಅದು ಮುಗಿದ ಮೇಲೆ ಪಕ್ಕದವರ ಬಟ್ಟಲಿಗೆ ಕೈ ಹಾಕಿದರು. ಅದರ ಪಕ್ಕದವರದೂ ಆಯಿತು. ನಾನು ಅವರ ಹಿಂದೆ ಹಿಂದೆ ಹೋಗಿ ಒಬ್ಬೊಬ್ಬರ ಬಳಿಯೂ ಕ್ಷಮೆ ಕೇಳಿದೆ. ಈ ಗದ್ದಲದಲ್ಲಿ ಚಿಗುಸಾ ಎಲ್ಲಕ್ಕಿಂತ ಮುಖ್ಯವಾದದ್ದನ್ನು, ಅಂದರೆ ಕೊನೆಯಲ್ಲಿ ಹಾಕಬೇಕಾದ ಗಂಟನ್ನು, ಎಲ್ಲರಿಗೂ ಹೇಳಿಕೊಟ್ಟಳು. ನಮ್ಮ ಯಜಮಾನರೂ ಕೇಳಿಸಿಕೊಳ್ಳಲಿಲ್ಲ, ನಾನೂ ಕೇಳಿಸಿಕೊಳ್ಳಲಿಲ್ಲ.

ಮನೆಗೆ ಬಂದು ರಜಾಯಿ ಹೊದಿಸಿದ ಬೆಚ್ಚನೆಯ ಮೇಜಿನ ಬಳಿ ಕೂತು ತಾವು ಪೋಣಿಸಿದ ಸರಕ್ಕೆ ಅವರು ಗಂಟು ಹಾಕಿದರು. ಹಳೇ ಪೇಪರ್ ಕಟ್ಟಿ ರದ್ದಿಗೆಂದು ರಸ್ತೆಗಿಡುವಾಗ ಹಾಕುತ್ತಾರಲ್ಲ, ಆ ಗಂಟು. ಅವರಿಗೆ ಬರುತ್ತಿದ್ದದ್ದು ಅದೊಂದೇ. ಆದರೆ ಮಣಿಗಳು ಮಾತ್ರ ಒಂದರಷ್ಟೇ ಇನ್ನೊಂದು, ಅಚ್ಚು ಹಾಕಿದ ಹಾಗೆ ಇದ್ದವು.

ಇಷ್ಟಕ್ಕೇ ನಿಲ್ಲಬಹುದಿತ್ತು. ಮರುದಿನ ಬಡಾವಣೆ ಸಂಘದ ಅಧ್ಯಕ್ಷ ಹನಾವೊಕಾ ಬಂದರು. ನಮ್ಮ ಯಜಮಾನರ ಜೊತೆ ಶಾಲೆಯಲ್ಲಿ ಓದಿದವರು, ಆಗಿನಿಂದಲೂ ಛೇಡಿಸುತ್ತ ಬಂದವರು.

"ಏನಯ್ಯ ಮಸುವೊ, ಹೆಂಗಸರ ಕ್ಲಾಸಿಗೆ ಹೋಗ್ತಿದೀಯಂತೆ. ಮುಂದಿನ ವಾರ ಹೂ ಜೋಡಿಸೋಕಾ?"

ನಮ್ಮ ಯಜಮಾನರು ಸರ ತೆಗೆದು ಮೇಜಿನ ಮೇಲಿಟ್ಟರು. "ಹಾಕ್ಕೊಂಡು ನೋಡು. ಇದು ನಿನಗಿಂತ ಹೆಚ್ಚು ಬಾಳಿಕೆ ಬರುತ್ತೆ."

ಅದು ಮಾರನೆಯ ಬೆಳಿಗ್ಗೆ ಹರಿಯಿತು.

ಹನಾವೊಕಾ ಅಕ್ಕಿ ಅಂಗಡಿಯ ಮುಂದೆ ನಡೆದು ಹೋಗುತ್ತಿದ್ದಾಗ ಸರ ಪಟ್ಟನೆ ಕಿತ್ತುಹೋಗಿ, ಮಣಿಗಳೆಲ್ಲ ಕಾಲುದಾರಿಯಲ್ಲಿ ಉರುಳಿದವು. ಅವರು ನಿಂತರು, ಮಸುವೊನನ್ನು ಬೈದುಕೊಂಡು ಬಗ್ಗಿದರು. ಅಷ್ಟರಲ್ಲಿ ಅಂಗಡಿಯ ಛಾವಣಿಯ ಮೇಲೆ ಹೆಪ್ಪುಗಟ್ಟಿದ್ದ ಹಿಮ ಒಮ್ಮೆಗೇ ಜಾರಿ, ಅವರು ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಎಲ್ಲಿರುತ್ತಿದ್ದರೋ ಸರಿಯಾಗಿ ಅಲ್ಲಿ ಬಿತ್ತು. ಅಲ್ಲಿ ನಿಲ್ಲಿಸಿದ್ದ ಸೈಕಲ್ಲು ಚಪ್ಪಟೆಯಾಯಿತು.

ಕೈಯಲ್ಲಿನ ಮಣಿಸರ ತಾನಾಗಿ ಹರಿದರೆ ನಮಗೆ ಬರಬೇಕಾಗಿದ್ದ ಕೇಡನ್ನು ಅದು ತನ್ನ ಮೇಲೆ ಹಾಕಿಕೊಂಡಿತು ಎಂದು ನಮ್ಮ ಕಡೆ ಹಳಬರು ನಂಬುತ್ತಾರೆ. ಹನಾವೊಕಾ ಅಲ್ಲಿಯವರೆಗೆ ಏನನ್ನೂ ನಂಬಿದವರಲ್ಲ. ಅಂದು ಮಧ್ಯಾಹ್ನ ಒಂದು ಪೆಟ್ಟಿಗೆ ಕಿತ್ತಳೆ ಹೊತ್ತು ನಮ್ಮ ಮನೆಗೆ ಬಂದು ಚಾಪೆಗೆ ಹಣೆ ಮುಟ್ಟಿಸಿದರು.

"ಮಸುವೊ, ನನ್ನ ಬದಲಿಗೆ ಅದು ಹೋಯ್ತು ಕಣೋ."

"ಎಲ್ಲಿಗೆ ಹೋಯ್ತು?" ಅಂದರು ನಮ್ಮ ಯಜಮಾನರು.

"ಹರಿದುಹೋಯ್ತು."

"ಹರೀತಾ?" ಅವರ ಮುಖ ಬಿಳಿಚಿತು. "ಹರಿಯೋ ಹಾಗಿರ್ಲಿಲ್ಲವಲ್ಲ. ನೀನು ಏನು ಮಾಡ್ದೆ ಅದಕ್ಕೆ?"

"ನಾನೇನೂ ಮಾಡ್ಲಿಲ್ಲ. ಎಲ್ಲ ಅದೇ ಮಾಡ್ತು."

ನಾನು ಚಹಾ ಮಾಡಿದೆ.

ಎರಡನೆಯವರಾಗಿ ಬಂದದ್ದು ಮೂಲೆಯ ಪೊಲೀಸ್ ಚೌಕಿಯ ನಿರಾಸಾವಾ. ಹಿಮ ಬಿದ್ದ ಸಂಗತಿ ವಿಚಾರಿಸಲು ಬಂದಿರಬೇಕೆಂದು ನಾನು ಬೆವರಿದೆ. ಅವರು ಟೋಪಿ ತೆಗೆದು, ಉಪ್ಪಿನಲ್ಲಿ ಹಾಕಿದ ಸೊಪ್ಪು ತಿಂದು, ಎರಡನೆಯ ಲೋಟ ಚಹಾ ಮುಗಿಸಿ, ಮೂರು ಸಲ ಕೆಮ್ಮಿದರು.

"ಅಮ್ಮಾ, ಆ ಸರ ಇನ್ನೊಂದು ಇದೆಯಾ? ವಿಚಾರಣೆಗಲ್ಲ. ನನಗೇ."

ವರ್ಗಾವಣೆಯ ಕಾಲ ಹತ್ತಿರ ಬರುತ್ತಿತ್ತು. ಕರಡಿ ಬಂತೆಂಬ ದೂರು ಬಿಟ್ಟರೆ ಬೇರೆ ದೂರೇ ಬರದ ಬೆಟ್ಟದ ಮೇಲಿನ ಚೌಕಿಗೆ ತಮ್ಮನ್ನು ಕಳಿಸುತ್ತಾರೆಂದು ಅವರಿಗೆ ಹೆದರಿಕೆ. ನಮ್ಮ ಯಜಮಾನರು ಗಂಟನ್ನು ಈ ಸಲ ಇನ್ನೂ ಬಿಗಿಯಾಗಿ ಎಳೆದು ಒಂದು ಕೊಟ್ಟರು. ಕಳೆದುಹೋದ ಕೊಡೆಯೊಂದರ ಬಗ್ಗೆ ದೂರು ಬರೆದುಕೊಳ್ಳುತ್ತಿದ್ದಾಗ ಅದು ಹರಿದು, ಮಣಿಗಳು ದೂರು ಕೊಡಲು ಬಂದಿದ್ದ ಅಜ್ಜಿಯ ಚೀಲಕ್ಕೆ ಬಿದ್ದವು. ವಾರದೊಳಗೆ ವರ್ಗಾವಣೆಯ ಪಟ್ಟಿ ಬಂತು. ಬೆಟ್ಟಕ್ಕೆ ಹೋದದ್ದು ಇನ್ನೊಬ್ಬರು.

ಅಲ್ಲಿಂದ ಮುಂದೆ ನಮ್ಮ ಮನೆಯ ಬಾಗಿಲು ಮುಚ್ಚಲಿಲ್ಲ. ಪ್ರವೇಶ ಪರೀಕ್ಷೆ ಬರೆಯುವ ಮಕ್ಕಳ ತಾಯಂದಿರು ಬಂದರು. ಮೊಣಕಾಲು ನೋವಿನವರು ಬಂದರು. ಅತ್ತೆ ಊರಿಂದ ಬರುತ್ತಾರೆಂದು ತಿಳಿದ ಸೊಸೆ ಬಂದಳು, ಸರ ತೆಗೆದುಕೊಂಡು ಹೋದಳು. ಆಮೇಲೆ ಅತ್ತೆಯೂ ಬಂದು ಒಂದು ತೆಗೆದುಕೊಂಡು ಹೋದರು. ಎಲ್ಲ ಸರಗಳೂ ಹರಿದವು. ಹರಿದ ಮೇಲೆ ಯಾರಿಗೆ ಏನು ಒಳ್ಳೆಯದಾಯಿತೋ ಅದೆಲ್ಲ ಸರದ ಖಾತೆಗೇ ಹೋಯಿತು, ಏನೂ ಆಗದಿದ್ದರೆ ಆಗಬೇಕಾಗಿದ್ದ ಕೆಟ್ಟದ್ದು ಆಗಲಿಲ್ಲವೆಂದಾಯಿತು. ನಾನು ಚಹಾ ಮಾಡಿದೆ. ಕಿತ್ತಳೆಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬಟ್ಟೆಯ ಬೀರುವಿನಲ್ಲಿಟ್ಟೆ.

ಬಡಾವಣೆ ಸಂಘದ ಸಭೆಯಲ್ಲಿ ಹನಾವೊಕಾ ಎದ್ದು ನಿಂತರು.

"ನಮ್ಮ ಮಸುವೊ ಒಗುಚಿ ಅವರ ಬಗ್ಗೆ ಒಂದು ಮಾತು ಹೇಳ್ತೀನಿ. ಇಷ್ಟು ಬೇಗ ಕಿತ್ತುಹೋಗೋ ಸರ ಮಾಡೋವ್ರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಯಜಮಾನರು ಎದ್ದು ನಿಂತು ನಮಸ್ಕರಿಸಬೇಕಾಯಿತು. ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ. ವಿನಯವೆಂದುಕೊಂಡು ಜನ ಇನ್ನಷ್ಟು ತಟ್ಟಿದರು.

ದಾರಿಯಲ್ಲಿ ಅವರು ನನಗಿಂತ ಹತ್ತು ಮಾರು ಮುಂದೆ ನಡೆದರು. ನಿವೃತ್ತರಾದ ಮೇಲೆ ಅವರು ನನ್ನನ್ನು ಬಿಟ್ಟು ನಡೆದದ್ದು ಅದೇ ಮೊದಲು.

"ನಾನು ಪಾಸು ಮಾಡಿದ ಬೇರಿಂಗು ರೈಲು ಗಾಡಿಗಳಲ್ಲಿದೆ," ಅಂದರು ಮನೆಗೆ ಬಂದು. "ಒಂದೂ ಇವತ್ತಿನವರೆಗೆ ಒಡೆದಿಲ್ಲ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ."

"ಹೋಗ್ಲಿ ಬಿಡ್ರೀ. ಜನ ಖುಷಿಯಾಗಿದಾರೆ."

"ಹಾಳಾಗಿದ್ದಕ್ಕೆ ಖುಷಿಪಡೋ ಜನಾನ ನಾನು ನೋಡಿಲ್ಲ."

ಮಾರನೆಯ ದಿನ ಚಿಗುಸಾಳ ಮನೆಗೆ ಹೋಗಿ ಅಂಗಡಿಯ ಹಿಂಬದಿಯಲ್ಲಿ ಮಂಡಿಯೂರಿ ಕೂತು, ಮೊದಲಿನಿಂದ ಕಲಿಸು ತಾಯಿ ಎಂದರಂತೆ. ಅವಳೂ ಕಲಿಸಿದಳು. ಗಂಟು ಹಾಕುವಾಗ ದಾರವನ್ನು ಒಂದರ ಬದಲು ಎರಡು ಸುತ್ತು ಸುತ್ತುವುದು, ನಿಧಾನವಾಗಿ ಸಮನಾಗಿ ಎಳೆಯುವುದು, ಮೇಲೆ ಒಂದು ತೊಟ್ಟು ಅಂಟು ಹಾಕಿ ಒಣಗಲು ಬಿಡುವುದು, ಆಮೇಲೆ ಆ ಗಂಟನ್ನು ದೊಡ್ಡ ತೂತಿನ ಮಣಿಯೊಳಕ್ಕೆ ಎಳೆದು ಮರೆಮಾಡುವುದು. ಇದರಲ್ಲಿ ಕಷ್ಟವೇನೂ ಇರಲಿಲ್ಲ. ಆ ಮೊದಲ ದಿನವೇ ಎಲ್ಲ ಹೆಂಗಸರೂ ಕಲಿತಿದ್ದರು.

ಆಮೇಲೆ ಮನೆಯಲ್ಲಿ ಪರೀಕ್ಷಾ ವಿಭಾಗ ಶುರುವಾಯಿತು. ಒಂದೊಂದು ಸರವನ್ನೂ ಮೊಳೆಗೆ ಸಿಕ್ಕಿಸಿ ಅದರಿಂದ ನೀರು ತುಂಬಿದ ಕಬ್ಬಿಣದ ಕೆಟಲು ತೂಗಿ ಬಿಡುತ್ತಿದ್ದರು. ಕೆಟಲು ಮುಗಿದ ಮೇಲೆ ಬಾಣಲೆಗಳು ಹೋದವು. ನಡುಮನೆಯಲ್ಲಿ ನಡೆಯಬೇಕಾದರೆ ತಲೆ ಬಗ್ಗಿಸಿಕೊಂಡೇ ಹೋಗಬೇಕಿತ್ತು. ಬಂದವರಿಗೆ ಚಹಾ ಮಾಡಲು ಪಾತ್ರೆ ಇರಲಿಲ್ಲ. ಇದೊಂದು ಮಾತ್ರ ನನಗೆ ಅನುಕೂಲವೇ ಆಯಿತು.

ಪರೀಕ್ಷೆಯಲ್ಲಿ ಪಾಸಾದ ಸರಗಳು ಬಡಾವಣೆಯ ಕೈಗಳಿಗೆ ಹೋದವು. ಒಂದೂ ಹರಿಯಲಿಲ್ಲ. ಮೊದಲು ಜನ ಕಾದರು. ಆಮೇಲೆ ಗೊಣಗಿದರು. ಆಮೇಲೆ ಬಾಗಿಲಿಗೇ ಬಂದರು.

"ಅಕ್ಕಾ, ತಪ್ಪು ತಿಳ್ಕೋಬೇಡಿ," ಅಂದಳು ಪರೀಕ್ಷೆ ಬರೆಯುವ ಹುಡುಗನ ತಾಯಿ, ಸರವನ್ನು ಕಾಗದದಲ್ಲಿ ಸುತ್ತಿ ಕೈಗಿಡುತ್ತ. "ಇದ್ಯಾಕೋ ಕೆಟ್ಟುಹೋಗಿದೆ. ಹರೀತಾನೇ ಇಲ್ಲ."

ನಿರಾಸಾವಾ ಎರಡನೆಯ ಸರವನ್ನು ಚೌಕಿಯ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಎಳೆದು ನೋಡಿದರಂತೆ. ಚಿಲಕವೇ ಕಿತ್ತು ಬಂತು. ಮಸುವೊನ ಕೈಗುಣ ಹೋಯಿತು, ಹೊಗಳಿಕೆ ತಲೆಗೇರಿತು ಎಂದು ಮೀನಿನ ಅಂಗಡಿಯಲ್ಲಿ ಮಾತಾಯಿತು. ಇದನ್ನೆಲ್ಲ ಕೇಳಿ ನಮ್ಮ ಯಜಮಾನರು ಎಷ್ಟು ಸಂತೋಷಪಟ್ಟರೆಂದರೆ, ಆ ವಾರ ಮೂಲಂಗಿಯನ್ನು ನೋಡದೆಯೇ ಕೊಂಡರು.

ಆಗ ಅತ್ತಿಗೆಯ ಸುದ್ದಿ ಬಂತು.

ಫುಸಾಯೆ ಅತ್ತಿಗೆ ನಮ್ಮ ಯಜಮಾನರ ಅಕ್ಕ. ತಾಯಿ ತೀರಿಕೊಂಡಾಗ ತಾನೂ ಹುಡುಗಿಯೇ, ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಅಡಿಗೆ ಮಾಡಿದವರು. ಮಾತು ಖಾರ. ವರ್ಷಗಟ್ಟಲೆ ಹೊಟ್ಟೆನೋವನ್ನು ಉಪ್ಪಿನ ಸೊಪ್ಪು ಜಾಸ್ತಿಯಾಯಿತೆಂದು ತಳ್ಳಿಕೊಂಡು ಬಂದಿದ್ದರು. ಈಗ ಆಸ್ಪತ್ರೆಯಲ್ಲಿ ಪಿತ್ತಕೋಶದ ತುಂಬ ಕಲ್ಲುಗಳಿವೆ, ಕೀವು ಕಟ್ಟತೊಡಗಿದೆ, ತಡ ಮಾಡಿದರೆ ಜೀವಕ್ಕೇ ಕುತ್ತು ಬರುತ್ತದೆ ಎಂದರು. ಅತ್ತಿಗೆ ಆಪರೇಷನ್ ಒಲ್ಲೆನೆಂದರು. ಅವರ ಗಂಡ ಹೀಗೇ ಯಾವುದೋ ಸಣ್ಣ ಆಪರೇಷನ್ನಿಗೆಂದು ತಮ್ಮ ಕಾಲಲ್ಲೇ ಆಸ್ಪತ್ರೆಗೆ ನಡೆದು ಹೋದವರು, ಬರುವಾಗ ಬೇರೆಯವರು ಹೊತ್ತು ತಂದರು.

ನಾವು ನೋಡಲು ಹೋದಾಗ ಅತ್ತಿಗೆ ಹಾಸಿಗೆಯಲ್ಲಿ ಹಳದಿಯಾಗಿ ಕೂತಿದ್ದರು. ಕೈಯಲ್ಲಿ ನಮ್ಮ ಯಜಮಾನರ ಸರ ಇತ್ತು. ಯಾರೋ ತಂದುಕೊಟ್ಟಿದ್ದರು.

"ಮಸುವೊ, ಇದು ಹರಿದ ದಿನ ನಾನು ಒಳಗೆ ಹೋಗ್ತೀನಿ. ಅಲ್ಲೀವರೆಗೆ ಯಾರೂ ನನ್ನ ಮುಟ್ಟಬೇಡಿ."

"ಅಕ್ಕಾ, ಅದು ಹರಿಯಲ್ಲ."

"ಎಲ್ಲರದೂ ಹರಿದಿದೆಯಂತೆ."

"ಅದು ಮುಂಚೆ. ಇದು ಸರಿಯಾಗಿ ಮಾಡಿದ್ದು."

"ಊರವರಿಗೆಲ್ಲ ಹರಿಯೋದು, ಒಡಹುಟ್ಟಿದವಳಿಗೆ ಹರೀದೇ ಇರೋದು. ಬೆನ್ನ ಮೇಲೆ ಹೊತ್ತು ಸಾಕಿದ್ದಕ್ಕೆ ಚೆನ್ನಾಗಿದೆ ಕಣೋ."

ಅಷ್ಟರಲ್ಲಿ ನರ್ಸು ಬಂದಳು. ಆಪರೇಷನ್ ಕೋಣೆಗೆ ಕೈಯಲ್ಲಿ ಏನೂ ಇಟ್ಟುಕೊಂಡು ಹೋಗುವ ಹಾಗಿಲ್ಲ, ಬೇಕಿದ್ದರೆ ಕತ್ತರಿಸಿ ಕೊಡುತ್ತೇನೆ ಎಂದಳು.

"ಕತ್ತರಿಸಿದ್ರೆ ಲೆಕ್ಕಕ್ಕಿಲ್ಲ," ಅಂದರು ಅತ್ತಿಗೆ. "ತಾನಾಗೇ ಹರೀಬೇಕು."

ಡಾಕ್ಟರು ಚಿಕ್ಕ ವಯಸ್ಸಿನವರು, ನಮ್ಮನ್ನು ಹೊರಗೆ ಕರೆದು, ನಾಳೆಗಿಂತ ಆಚೆಗೆ ತಳ್ಳಲು ತಮಗೆ ಧೈರ್ಯವಿಲ್ಲ ಎಂದರು. ಆ ಮಾತು ಹೇಳುವಾಗ ಅವರ ಕಣ್ಣು ನಮ್ಮ ಯಜಮಾನರ ಮೇಲಿತ್ತು. ಜವಾಬ್ದಾರಿ ಯಾರದೆಂದು ಆಸ್ಪತ್ರೆಗೂ ಗೊತ್ತಾಗಿತ್ತು.

ಮನೆಗೆ ಬಂದವರು ಮೇಜಿನ ಮುಂದೆ ಕೂತು ಹರಿಯುವ ಸರ ಮಾಡಲು ಹೊರಟರು. ನಾನು ನೋಡುತ್ತಿದ್ದೆ. ಪೇಪರ್ ಕಟ್ಟುವ ಗಂಟನ್ನೇ ಹಾಕಲು ಹೊರಟವರ ಬೆರಳು ತಾನಾಗಿ ಇನ್ನೊಂದು ಸುತ್ತು ಸುತ್ತಿತು. ಬಿಚ್ಚಿದರು, ಮತ್ತೆ ಹಾಕಿದರು. ಈ ಸಲ ಸುತ್ತು ತಪ್ಪಿಸಿದರು, ಆದರೆ ಕೈ ಅಂಟಿನ ಬಾಟಲಿಗೆ ಹೋಯಿತು. ಸರಕ್ಕೆ ಕೆಟಲು ತೂಗಿಬಿಟ್ಟರೆ ಅದು ಕದಲದೆ ನಿಂತಿತು. ಒಂದಾದ ಮೇಲೊಂದು ಕಟ್ಟಿದರು. ಒಂದಕ್ಕಿಂತ ಒಂದು ಗಟ್ಟಿ.

"ಆಗ್ತಿಲ್ಲ ಕಣೇ, ಟೊಮೊಯೆ," ಅಂದರು. ನನ್ನ ಹೆಸರು ಹಿಡಿದು ಅವರು ಕರೆಯುವುದು ಬಹಳ ಅಪರೂಪ. "ಒಂದು ಸಲ ಸರಿಯಾಗಿ ಕಲಿತ ಮೇಲೆ ಕೈಗೆ ತಪ್ಪು ಮಾಡೋಕೆ ಬರ್ತಾ ಇಲ್ಲ."

ಬೆಳಿಗ್ಗೆ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುವಾಗ ಅವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ನನ್ನ ಚೀಲದಲ್ಲಿ ಉಳಿದ ಮಣಿಗಳಿದ್ದವು, ದಾರವಿತ್ತು. ಇಷ್ಟು ದಿನ ಮಣಿ ಕ್ಲಾಸಿನ ಹೆಂಗಸು ಎನ್ನಿಸಿಕೊಂಡು ನಾನು ಮಾಡಿದ್ದು ಚಹಾ, ಕೇಳಿದ್ದು ಕ್ಷಮೆ. ಒಂದು ಸರವನ್ನಾದರೂ ಪೋಣಿಸಿರಲಿಲ್ಲ. ಬಸ್ಸು ಅಲುಗಾಡುತ್ತಿದ್ದಂತೆಯೇ ಪೋಣಿಸತೊಡಗಿದೆ. ದಾರ ಎಳೆದು ಬಿಡಬೇಕೆಂಬುದು ಮರೆತುಹೋಯಿತು. ಟೇಪ್ ಇರಲಿಲ್ಲ. ಹಿಂದಿನಿಂದ ಜಾರಿ ಬಿದ್ದ ಮಣಿಗಳನ್ನು ಪಕ್ಕದ ಸೀಟಿನವರು ಎತ್ತಿ ಎತ್ತಿ ಕೊಟ್ಟರು. ದೊಡ್ಡದು ಚಿಕ್ಕದು ನೋಡಲಿಲ್ಲ. ಕೊನೆಗೆ ಊಟದ ಡಬ್ಬಿಗೆ ಬಟ್ಟೆ ಕಟ್ಟುವ ಹಾಗೆ ಒಂದು ಗಂಟು ಹಾಕಿದೆ. ನಮ್ಮ ಯಜಮಾನರು ಅದನ್ನು ಒಮ್ಮೆ ನೋಡಿದರು. ಕೈ ವರ್ನಿಯರ್ ಇದ್ದ ಜೇಬಿನ ತನಕ ಹೋಗಿ ನಿಂತಿತು.

"ಅತ್ತಿಗೆ, ಇದನ್ನ ಹಾಕ್ಕೊಂಡು ನೋಡಿ," ಅಂದೆ. ಯಾರು ಮಾಡಿದ್ದೆಂದು ಹೇಳಲಿಲ್ಲ, ಅವರೂ ಕೇಳಲಿಲ್ಲ. ನರ್ಸು, ಡಾಕ್ಟರು, ತಳ್ಳುಮಂಚ ತಂದ ಇಬ್ಬರು, ಎಲ್ಲರೂ ಸುತ್ತ ನಿಂತಿದ್ದರು. ಅತ್ತಿಗೆ ಹಳೆಯ ಸರ ತೆಗೆದಿಟ್ಟು ಹೊಸದಕ್ಕೆ ಕೈ ತೂರಿಸಿದರು. ಹಣೆಯ ಮೇಲೆ ಬಿದ್ದ ಕೂದಲು ಸರಿಮಾಡಲೆಂದು ಆ ಕೈ ಎತ್ತಿದರು.

ಅಷ್ಟೇ. ಮಣಿಗಳು ಅವರ ತಲೆಯ ಮೇಲೆ, ದಿಂಬಿನ ಮೇಲೆ, ಡಾಕ್ಟರ ಬೂಟಿನ ಮೇಲೆ, ನೆಲದ ತುಂಬ ಚೆಲ್ಲಿದವು. ಒಂದು ಉರುಳುತ್ತ ಬಾಗಿಲು ದಾಟಿ ಹೋದ ಸದ್ದು ಬಹಳ ಹೊತ್ತು ಕೇಳಿಸಿತು.

ಅತ್ತಿಗೆ ಕೈ ನೋಡಿಕೊಂಡರು. ಮುಖ ಸಡಿಲವಾಯಿತು. ಹಾಗೇ ಹಿಂದಕ್ಕೆ ಒರಗಿ, "ನಡೀರಿ, ಯಾಕೆ ನಿಂತಿದೀರಿ," ಅಂದರು.

ತಳ್ಳುಮಂಚ ಹೋದ ಮೇಲೆ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ನಮ್ಮ ಯಜಮಾನರು ನೆಲಕ್ಕೆ ಕೂತು ಮಣಿ ಆರಿಸಿದರು. ದಾರದ ತುಂಡು ಸಿಕ್ಕಿದಾಗ ಬೆಳಕಿಗೆ ಹಿಡಿದರು.

"ಯಾವ ಗಂಟು ಇದು?"

"ಗೊತ್ತಿಲ್ಲ ರೀ."

"ಚೆನ್ನಾಗಿದೆ," ಅಂದರು. ಮದುವೆಯಾದಾಗಿನಿಂದ ನಾನು ಮಾಡಿದ ಯಾವುದಕ್ಕೂ ಅವರು ಆ ಮಾತು ಹೇಳಿದ್ದಿಲ್ಲ.

ಮಣಿಗಳೆಲ್ಲ ಕರವಸ್ತ್ರದಲ್ಲಿ ಬಂದು ಬಿದ್ದವು. ಅವರು ಮಾತ್ರ ಏಳಲಿಲ್ಲ. ಇನ್ನೊಂದು ಸಿಕ್ಕಿಲ್ಲ ಎನ್ನುತ್ತ ಮಂಚದ ಕೆಳಗೆ ಪೂರ್ತಿ ತೂರಿಕೊಂಡರು. ನಾನು ಎಷ್ಟು ಪೋಣಿಸಿದ್ದೆನೆಂದು ನನಗೇ ತಿಳಿಯದು, ಅವರಿಗೆ ಹೇಗೆ ತಿಳಿಯಬೇಕು? ಆದರೂ ನಾನೂ ಮಂಡಿಯೂರಿ ಇನ್ನೊಂದು ಬದಿಯಿಂದ ಹುಡುಕಿದೆ. ನೆಲ ಒರೆಸಲು ಬಂದ ಹೆಂಗಸು ಏನು ಕಳೆದಿದೆ ಎಂದು ಕೇಳಿ ತಾನೂ ಬಗ್ಗಿದಳು. ಆಮೇಲೆ ಎಷ್ಟೋ ಹೊತ್ತು ಗೋಡೆಗೊರಗಿ ನೆಲದ ಮೇಲೇ ಕೂತಿದ್ದೆವು, ಆಗಾಗ ಮತ್ತೊಮ್ಮೆ ಮಂಚದಡಿ ಇಣುಕುತ್ತ.

ಡಾಕ್ಟರು ಬಾಗಿಲಲ್ಲಿ ಕಾಣಿಸಿಕೊಂಡಾಗ ನಮ್ಮ ಯಜಮಾನರು ಮಂಚದ ಕೆಳಗಿನಿಂದಲೇ ಕೇಳಿದರು.

"ಹೇಗಿದಾರೆ?"

"ಚೆನ್ನಾಗಿದಾರೆ. ಏನೂ ತೊಂದರೆ ಆಗಲಿಲ್ಲ."

"ಸಿಕ್ತು," ಅಂದರು, ಹೊರಗೆ ಬರುತ್ತ. ಅವರ ಕೈ ಖಾಲಿಯಿತ್ತು.

ಮೂರು ದಿನದ ಮೇಲೆ ಅತ್ತಿಗೆ ದಿಂಬಿಗೊರಗಿ ಗಂಜಿ ಕುಡಿಯುತ್ತ, ಅದರಲ್ಲಿ ಉಪ್ಪಿಲ್ಲವೆಂದು ಆಸ್ಪತ್ರೆಯನ್ನು ಬೈಯುತ್ತಿದ್ದರು. ಡಾಕ್ಟರು ತೆಗೆದ ಕಲ್ಲುಗಳನ್ನು ಒಂದು ಸಣ್ಣ ಗಾಜಿನ ಬಾಟಲಿಗೆ ಹಾಕಿ ಕೊಟ್ಟಿದ್ದರು. ಕಂದು, ಹಸಿರು, ಕೆಲವು ಹಳದಿ. ನಮ್ಮ ಯಜಮಾನರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಏನು ಬರುತ್ತದೆಂದು ನನಗೆ ಗೊತ್ತಿತ್ತು.

"ಒಂದೂ ಗುಂಡಗಿಲ್ಲ," ಅಂದರು. "ಒಂದರ ಹಾಗೆ ಇನ್ನೊಂದಿಲ್ಲ."

ಅತ್ತಿಗೆ ಗಂಜಿಯ ಬಟ್ಟಲು ಕೆಳಗಿಟ್ಟರು.

"ನಾನು ಯಾವ ಕ್ಲಾಸಿಗೂ ಹೋಗಿಲ್ಲ, ಯಾರೂ ಹೇಳಿಕೊಟ್ಟಿಲ್ಲ," ಅಂದರು. "ಮೊದಲ ಸಲ ಮಾಡಿದ್ದು. ಇಷ್ಟಾದರೂ ಬಂತಲ್ಲ ಅನ್ನೋ."